ಗಾಜಿನ ಮಣಿ ಹಾಕಿ ಸೂಕ್ಷ್ಮಜೀವಿಗಳ ಕೋಶ ಒಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆ ಅಳಿವೆಯ ನೀರು, ಕೆಸರು, ಮೀನಿನ ಮೇಲಿನ ಬ್ಯಾಕ್ಟೀರಿಯಾ ಹಿಡಿದು ಕೂತವರಿಗೂ, ಶಿರಸಿ ಕಡೆ ಅಡಿಕೆ, ಕಾಳುಮೆಣಸಿನ ರೋಗಾಣು ಬೆಳೆಸುವವರಿಗೂ ಒಂದು ಹಂತದಲ್ಲಿ ಎದುರಾಗುವ ಕೆಲಸ ಇದು: ಕೋಶ ಒಡೆದು ಒಳಗಿನದನ್ನು ಹೊರಗೆ ತೆಗೆಯುವುದು. ಬೇರೆ ಹೇಳದಿದ್ದ ಕಡೆ ಅಳತೆಗಳೆಲ್ಲ 2 ಮಿ.ಲೀ. ಸ್ಕ್ರೂ ಮುಚ್ಚಳದ ಟ್ಯೂಬಿಗೆ ಸಂಬಂಧಿಸಿದವು.

ಪ್ರ: ಎಲ್ಲ ಸೂಕ್ಷ್ಮಜೀವಿಗಳಿಗೂ ಮಣಿ ಬೇಕೇ?

ಬೇಡ. ಮಣಿಯ ಡಬ್ಬ ತೆರೆಯುವ ಮೊದಲು ನಿಮ್ಮ ಜೀವಿಯ ಗೋಡೆ ಎಂಥದ್ದು ಎಂದು ನೋಡಿಕೊಳ್ಳಿ. ಸಾಣಿಕಟ್ಟಾದಂಥ ಉಪ್ಪಿನಾಗರದ ಗಟ್ಟಿ ನೀರಿನಲ್ಲಿ ಬೆಳೆಯುವ ಹ್ಯಾಲೊಬ್ಯಾಕ್ಟೀರಿಯಂ ಜಾತಿಯವಕ್ಕೆ ಬರೀ ಡಿಸ್ಟಿಲ್ಡ್ ವಾಟರ್ ಹಾಕಿದರೆ ಸಾಕು, ಉಪ್ಪು ಇಳಿದ ಕೂಡಲೇ ತಾವಾಗಿಯೇ ಒಡೆದುಕೊಳ್ಳುತ್ತವೆ. ಕಡಲ ನೀರಿನ ವಿಬ್ರಿಯೊಗಳೂ ಸಿಹಿನೀರು ಕಂಡರೆ ಸೋರತೊಡಗುತ್ತವೆ. ಹಾಗಾಗಿ ಅವುಗಳ ಪೆಲೆಟ್ (ಸೆಂಟ್ರಿಫ್ಯೂಜಿನಲ್ಲಿ ತಳಕ್ಕೆ ಕೂತ ಕೋಶಗಳ ಮುದ್ದೆ) ತೊಳೆಯುವಾಗ ಡಿಸ್ಟಿಲ್ಡ್ ವಾಟರ್ ಬಳಸಬಾರದು, 3% ಉಪ್ಪುನೀರು ಬಳಸಬೇಕು. ಇಲ್ಲದಿದ್ದರೆ ಒಡೆಯುವ ಮೊದಲೇ ಅರ್ಧ ಪ್ರೋಟೀನ್ ತೊಳೆದ ನೀರಿನ ಜೊತೆ ಸಿಂಕಿಗೆ ಹೋಗಿರುತ್ತದೆ, ಆಮೇಲೆ ಬೈಗುಳ ಮಣಿಗೆ.

ಇ. ಕೊಲೈಯಂಥ ಗ್ರಾಂ ನೆಗೆಟಿವ್‌ಗಳ ಗೋಡೆಯ ಪೆಪ್ಟಿಡೋಗ್ಲೈಕಾನ್ ಪದರ 10 ನ್ಯಾನೋಮೀಟರಿಗಿಂತ ತೆಳು. ಗೋಡೆ ಕತ್ತರಿಸುವ ಲೈಸೋಜೈಮ್ ಎಂಜೈಮನ್ನು ಮಿ.ಲೀ.ಗೆ 1 ಮಿ.ಗ್ರಾಂ ಹಾಕಿ ಐಸ್ ಮೇಲೆ ಅರ್ಧ ಗಂಟೆ ಇಟ್ಟು, ಸೋನಿಕೇಟರ್ (ಶಬ್ದತರಂಗದಿಂದ ಕೋಶ ಒಡೆಯುವ ಮಷಿನ್) ಇದ್ದರೆ ಅದನ್ನು ಹಿಡಿದರೆ ಕೆಲಸ ಮುಗಿಯಿತು. ಮಣಿ ನಿಜವಾಗಿ ಬೇಕಾಗುವುದು ಮೂರು ಕಡೆ: ಗೋಡೆ 20ರಿಂದ 80 ನ್ಯಾನೋಮೀಟರ್ ದಪ್ಪ ಇರುವ ಗ್ರಾಂ ಪಾಸಿಟಿವ್‌ಗಳು (ಇಡ್ಲಿ ಹಿಟ್ಟಿನ ಲ್ಯೂಕೊನೊಸ್ಟಾಕ್ ಇದೇ ಗುಂಪು), ಗ್ಲೂಕಾನ್ ಮತ್ತು ಮ್ಯಾನೊಪ್ರೋಟೀನಿನ ಕವಚ ತೊಟ್ಟ ಯೀಸ್ಟ್‌ಗಳು, ಶಿಲೀಂಧ್ರ ಮತ್ತು ಪಾಚಿ. ಇವುಗಳ ಜೊತೆಗೆ ಏನೇನಿದೆ ಎಂದೇ ಗೊತ್ತಿಲ್ಲದ ಮಿಶ್ರ ಮಾದರಿಗಳು: ಮಣ್ಣು, ಕೆಸರು, ಸೆಗಣಿ.

ಪ್ರ: ಮಣಿ ಕೋಶವನ್ನು ಒಡೆಯುವುದು ಹೇಗೆ?

ಕೋಶ, ದ್ರವ, ಮಣಿ ಹಾಕಿದ ಟ್ಯೂಬನ್ನು ಮಷಿನಿನಲ್ಲಿ ಜೋರಾಗಿ ಕುಲುಕಿದಾಗ ಎರಡು ಮಣಿಗಳು ಡಿಕ್ಕಿ ಹೊಡೆಯುವ ಜಾಗದಲ್ಲಿ ಕೋಶ ಸಿಕ್ಕಿಕೊಂಡು ಜಜ್ಜಿಹೋಗುತ್ತದೆ. ಉಜ್ಜಿಕೊಂಡು ಸರಿಯುವ ಜಾಗದಲ್ಲಿ ಗೋಡೆ ಹರಿಯುತ್ತದೆ. ಒರಳಲ್ಲಿ ಅಕ್ಕಿ ರುಬ್ಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಹೆಚ್ಚು ಹಾಕಿದರೆ ಗುಂಡು ಜಾರುತ್ತದೆ, ಅಕ್ಕಿ ಪಕ್ಕಕ್ಕೆ ಓಡುತ್ತದೆ. ನೀರು ಕಡಿಮೆಯಾದರೆ ಗುಂಡೇ ತಿರುಗುವುದಿಲ್ಲ. ಮಣಿಯ ಕೆಲಸದಲ್ಲಿ ಆಗುವ ಮುಕ್ಕಾಲು ಪಾಲು ತಪ್ಪು ಇದೇ ಜಾತಿಯದು. ಮಷಿನ್ ಚಿಕ್ಕದು ಎಂದು ಕೊರಗುವವರು ಮೊದಲು ತಮ್ಮ ಟ್ಯೂಬಿನಲ್ಲಿ ಮಣಿ ಎಷ್ಟು, ದ್ರವ ಎಷ್ಟು ಎಂದು ನೋಡಲಿ.

ಪ್ರ: ಯಾವ ಗಾತ್ರದ ಮಣಿ ತರಿಸಬೇಕು?

ಬ್ಯಾಕ್ಟೀರಿಯಾಕ್ಕೆ 0.1 ಮಿ.ಮೀ., ಯೀಸ್ಟ್ ಮತ್ತು ಏಕಕೋಶ ಪಾಚಿಗೆ 0.5 ಮಿ.ಮೀ. ಕೆಟಲಾಗಿನಲ್ಲಿ ಎರಡನೆಯದು 425ರಿಂದ 600 ಮೈಕ್ರಾನ್ ಎಂದು ಇರುತ್ತದೆ, ಅದೇ ಇದು. ಶಿಲೀಂಧ್ರದ ಎಳೆಗಳಿಗೆ 1ರಿಂದ 3 ಮಿ.ಮೀ.ನ ನಾಲ್ಕಾರು ದೊಡ್ಡ ಮಣಿ ಸೇರಿಸಬೇಕು.

ಚಿಕ್ಕ ಕೋಶಕ್ಕೆ ಚಿಕ್ಕ ಮಣಿ ಏಕೆಂದರೆ, ಒಂದೇ ತೂಕದಲ್ಲಿ 0.5ರ ಬದಲು 0.1 ಮಿ.ಮೀ. ತೆಗೆದುಕೊಂಡರೆ ಮಣಿಗಳ ಸಂಖ್ಯೆ 125 ಪಟ್ಟಾಗುತ್ತದೆ. 1 ಮೈಕ್ರಾನಿನ ಬ್ಯಾಕ್ಟೀರಿಯಾ ಎಲ್ಲಾದರೂ ಎರಡು ಮಣಿಗಳ ನಡುವೆ ಸಿಗಬೇಕಲ್ಲ! ಆದರೆ ಚಿಕ್ಕ ಮಣಿಗೆ ತೂಕ ಕಡಿಮೆ, ಪೆಟ್ಟಿನ ಬಲವೂ ಕಡಿಮೆ. ಯೀಸ್ಟಿನ ಗೋಡೆಗೆ ಅದು ಸಾಲದು. ಗಾಜಿನ ಸಾಂದ್ರತೆ ಸುಮಾರು 2.5. ಜಿರ್ಕೋನಿಯಾ ಅದರ ಎರಡು ಪಟ್ಟಿಗೂ ಹೆಚ್ಚು, ಬೆಲೆಯೂ ಹಾಗೆಯೇ. ಕೈಯಲ್ಲಿ ಹಿಡಿದು ವೋರ್ಟೆಕ್ಸ್ (ಟ್ಯೂಬನ್ನು ಗಿರಗಿರ ಅಲುಗಿಸುವ ಮಷಿನ್) ಮಾಡುವವರಿಗೆ ಗಾಜು ಸಾಕು.

ಪ್ರ: ಎಷ್ಟು ಮಣಿ, ಎಷ್ಟು ಬಫರ್?

ಪೆಲೆಟ್ ಮತ್ತು ಬಫರ್ (ಪಿಎಚ್ ಕಾಯುವ ದ್ರಾವಣ) ಸೇರಿ ಎಷ್ಟು ದ್ರವ ಇದೆಯೋ ಅಷ್ಟೇ ಗಾತ್ರದ ಮಣಿ. ತೂಕದ ಲೆಕ್ಕ ಬೇಕಾದರೆ: 1 ಗ್ರಾಂ ಗಾಜಿನ ಮಣಿ ಟ್ಯೂಬಿನಲ್ಲಿ ಸುಮಾರು 0.65 ಮಿ.ಲೀ. ಜಾಗ ಹಿಡಿಯುತ್ತದೆ. ಅದರಲ್ಲಿ ಗಾಜು 0.4 ಮಿ.ಲೀ., ಉಳಿದ 0.25 ಮಿ.ಲೀ. ಮಣಿಗಳ ನಡುವಿನ ಸಂದು. ಈ ಸಂದಿನ ಲೆಕ್ಕ ನೆನಪಿಡಿ, ಲೈಸೇಟ್ (ಒಡೆದ ಕೋಶಗಳ ದ್ರವ) ತೆಗೆಯುವಾಗ ಮತ್ತೆ ಬರುತ್ತದೆ.

ಹಟಮಾರಿ ಕೋಶಗಳಿಗೆ ಮಣಿಯನ್ನು ಒಂದೂವರೆ ಪಟ್ಟಿಗೆ ಏರಿಸಬಹುದು. ಮಣಿ ದ್ರವದಿಂದ ಮೇಲೆ ತಲೆ ಎತ್ತಿ ನಿಂತರೆ ಮಾತ್ರ ಹೆಚ್ಚಾಯಿತು ಎಂದು ಅರ್ಥ. ಆಗ ವೋರ್ಟೆಕ್ಸ್ ಮೇಲೆ ಇಟ್ಟರೂ ಮಣಿ ಒದ್ದೆ ಮರಳಿನ ಹಾಗೆ ತಳದಲ್ಲಿ ಗಟ್ಟಿ ಕೂತಿರುತ್ತದೆ, ಟ್ಯೂಬ್ ಮಾತ್ರ ನಡುಗುತ್ತದೆ. ಸರಿಯಾಗಿದ್ದಾಗ ಮಣಿಗಳೆಲ್ಲ ಗೋಡೆಗುಂಟ ಮೇಲೇರಿ ಸುತ್ತುತ್ತವೆ, ಗರಗರ ಸದ್ದು ಒಂದೇ ಸಮ ಬರುತ್ತದೆ, ಬೆರಳಿಗೆ ಟ್ಯೂಬಿನ ತಳ ಹಗುರವಾದಂತೆ ತಿಳಿಯುತ್ತದೆ.

ಪ್ರ: ಪ್ರತಿ ಟ್ಯೂಬಿಗೂ ಮಣಿ ತೂಗುತ್ತ ಕೂರಬೇಕೇ?

ಇಲ್ಲ. 0.2 ಮಿ.ಲೀ. ಪಿಸಿಆರ್ ಟ್ಯೂಬಿನ ಮುಚ್ಚಳ ಕತ್ತರಿಸಿ ಅದನ್ನೇ ಚಮಚ ಮಾಡಿಕೊಳ್ಳಿ. ತುಂಬಿ ಅಂಚಿಗೆ ಸರಿಯಾಗಿ ಸವರಿದರೆ ಹತ್ತಿರಹತ್ತಿರ 0.3 ಗ್ರಾಂ. ಒಮ್ಮೆ ತೂಗಿ ನೋಡಿ ಖಚಿತಪಡಿಸಿಕೊಳ್ಳಿ, ಆಮೇಲೆ ತಕ್ಕಡಿಯ ಹಂಗಿಲ್ಲ. ಮಣಿಯನ್ನು ಮಾದರಿಗಿಂತ ಮೊದಲೇ ಒಣ ಟ್ಯೂಬಿಗೆ ಹಾಕಿಡಿ. ಒಂದೇ ಒಂದು ಮಣಿ ಟ್ಯೂಬಿನ ಕಂಠದ ಮರೆಯಲ್ಲಿ ಕೂತರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಅಲ್ಲಿಂದಲೇ ಸೋರುತ್ತದೆ.

ಪ್ರ: ಯೀಸ್ಟಿನಿಂದ ಪ್ರೋಟೀನ್ ತೆಗೆಯುವ ಹಂತಗಳನ್ನು ಪೂರ್ತಿ ಹೇಳಿ.

ತೆಂಗಿನ ಕಳ್ಳಿನಿಂದ ಬೇರ್ಪಡಿಸಿದ ಸ್ಯಾಕರೊಮೈಸಿಸ್ ಎಂದಿಟ್ಟುಕೊಳ್ಳೋಣ. ಕಲ್ಚರ್ 600 ನ್ಯಾನೋಮೀಟರಿನಲ್ಲಿ ಒಡಿ (ಕಲ್ಚರಿನ ಮಬ್ಬಿನ ಅಳತೆ) 1ರ ಸುಮಾರಿಗೆ ಬಂದಾಗ ತೆಗೆಯಿರಿ. ರಾತ್ರಿಯಿಡೀ ಬೆಳೆದು ನಿಂತುಹೋದ ಕಲ್ಚರಿನ ಗೋಡೆ ಬಲಿತಿರುತ್ತದೆ, ಅದನ್ನು ಒಡೆಯಲು ಇಮ್ಮಡಿ ಪಾಡು.

50 ಮಿ.ಲೀ. ಕಲ್ಚರನ್ನು 3000 ಜಿ (ಗುರುತ್ವದ 3000 ಪಟ್ಟು ಬಲ), 4 ಡಿಗ್ರಿಯಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಣ್ಣನೆ ನೀರಲ್ಲಿ ಒಮ್ಮೆ ತೊಳೆಯಿರಿ. ಪೆಲೆಟ್ ಸುಮಾರು 0.1 ಮಿ.ಲೀ. ಬರುತ್ತದೆ. ಅದನ್ನು 300 ಮೈಕ್ರೋಲೀಟರ್ ತಣ್ಣನೆ ಬಫರಿನಲ್ಲಿ ಕದಡಿ: 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 5 ಮಿಲಿಮೋಲಾರ್ ಇಡಿಟಿಎ. ಮುಂದೆ ಪ್ರೋಟೀನ್ ಶುದ್ಧಗೊಳಿಸಲು ನಿಕ್ಕಲ್ ಕಾಲಂ ಬಳಸುವವರಿದ್ದರೆ ಇಡಿಟಿಎ ಬಿಡಿ, ಅದು ನಿಕ್ಕಲ್ಲನ್ನೇ ಕಿತ್ತುಕೊಂಡು ಹೋಗುತ್ತದೆ.

ಪಿಎಂಎಸ್‌ಎಫ್ (ಪ್ರೋಟೀನ್ ತುಂಡರಿಸುವ ಪ್ರೋಟಿಯೇಸ್ ಎಂಜೈಮುಗಳನ್ನು ತಡೆಯುವ ರಾಸಾಯನಿಕ) ಕೊನೆಯ ಗಳಿಗೆಯಲ್ಲಿ ಸೇರಿಸಿ. ಐಸೊಪ್ರೊಪನಾಲಿನಲ್ಲಿ ಮಾಡಿಟ್ಟ 100 ಮಿಲಿಮೋಲಾರ್ ಸ್ಟಾಕಿನಿಂದ 3 ಮೈಕ್ರೋಲೀಟರ್ ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ. ನೀರಿಗೆ ಬಿದ್ದ ಪಿಎಂಎಸ್‌ಎಫ್ ನಿಲ್ಲುವುದಿಲ್ಲ: ಪಿಎಚ್ 7.5, 25 ಡಿಗ್ರಿಯಲ್ಲಿ ಒಂದು ಗಂಟೆಯೊಳಗೆ ಅರ್ಧಕ್ಕೆ ಇಳಿಯುತ್ತದೆ. ಬೆಳಿಗ್ಗೆ ಬಫರಿಗೆ ಹಾಕಿ ಮಧ್ಯಾಹ್ನ ಬಳಸಿದರೆ ಹಾಕದ ಹಾಗೆಯೇ. ವಿಷವೂ ಹೌದು, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

0.5 ಮಿ.ಮೀ. ಮಣಿ ಎರಡು ಚಮಚ, ಅಂದರೆ 0.6 ಗ್ರಾಂ, ಇದ್ದ ಟ್ಯೂಬಿಗೆ ಇದನ್ನು ಸುರಿಯಿರಿ. ವೋರ್ಟೆಕ್ಸನ್ನು ಪೂರ್ತಿ ವೇಗಕ್ಕಿಟ್ಟು 30 ಸೆಕೆಂಡ್ ಹಿಡಿಯಿರಿ, ಒಂದು ನಿಮಿಷ ಐಸಿನಲ್ಲಿ ಹೂತಿಡಿ. ಹೀಗೆ 8ರಿಂದ 10 ಸುತ್ತು. 30 ಸೆಕೆಂಡನ್ನು ಒಂದು ನಿಮಿಷಕ್ಕೆ ಎಳೆದು ಸುತ್ತು ಕಡಿಮೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಟ್ಯೂಬ್ ಬಿಸಿಯಾಗುತ್ತದೆ, ಪ್ರೋಟಿಯೇಸ್‌ಗಳಿಗೆ ಹಬ್ಬ. ಏಪ್ರಿಲ್‌–ಮೇ ಸೆಕೆಯಲ್ಲಿ ಎಸಿ ಇಲ್ಲದ ಕೋಣೆಯಾದರೆ ಐಸಿನ ಸಮಯವನ್ನು ಎರಡು ನಿಮಿಷ ಮಾಡಿ. ಮಣಿ ಮತ್ತು ಬಫರ್ ಎರಡನ್ನೂ ಮೊದಲೇ ಫ್ರಿಜ್ಜಿನಲ್ಲಿ ತಣಿಸಿಡಿ.

ಪ್ರ: ಐಸ್ ಮಷಿನ್ ಇಲ್ಲ. ಮೀನಿಗೆ ಹಾಕುವ ಐಸ್ ನಡೆಯುತ್ತದೆಯೇ?

ಧಾರಾಳವಾಗಿ. ಬೈತಖೋಲ ಬಂದರಿನ ಕಡೆ ಸಿಗುವ ಪುಡಿ ಐಸ್ ಟ್ಯೂಬಿನ ಹೊರಗೆ ತಾನೇ ಇರುವುದು. ಬರೀ ಐಸಿನ ತುಂಡುಗಳ ನಡುವೆ ಗಾಳಿ ಇರುತ್ತದೆ, ಸ್ವಲ್ಪ ನೀರು ಹಾಕಿ ಕೆಸರಿನ ಹದಕ್ಕೆ ತಂದರೆ ಟ್ಯೂಬ್ ಬೇಗ ತಣಿಯುತ್ತದೆ. ಟ್ಯೂಬನ್ನು ಕಂಠದವರೆಗೆ ಮಾತ್ರ ಮುಳುಗಿಸಿ, ಮುಚ್ಚಳ ತೆರೆಯುವ ಮೊದಲು ಒರೆಸಿ. ಮೀನುಗಾರರ ಹಾಗೆ ಉಪ್ಪು ಎರಚಬೇಡಿ: ಉಷ್ಣತೆ ಸೊನ್ನೆಯಿಂದ ಬಹಳ ಕೆಳಗಿಳಿದು ಬಫರ್ ಹೆಪ್ಪುಗಟ್ಟುತ್ತದೆ, ಮಣಿಗಳು ಅದರಲ್ಲಿ ಸಿಕ್ಕಿಬೀಳುತ್ತವೆ.

ಪ್ರ: ಡಿಎನ್‌ಎ ಬೇಕಿದ್ದರೆ ಇದೇ ಕ್ರಮವೇ?

ಬೇರೆ, ಮತ್ತು ಸುಲಭ. ತೊಳೆದ ಯೀಸ್ಟ್ ಪೆಲೆಟ್ಟಿಗೆ 200 ಮೈಕ್ರೋಲೀಟರ್ ಬಫರ್ (ಡಿಟರ್ಜೆಂಟುಗಳಾದ 2% ಟ್ರೈಟಾನ್ ಎಕ್ಸ್-100 ಮತ್ತು 1% ಎಸ್‌ಡಿಎಸ್, 100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 10 ಮಿಲಿಮೋಲಾರ್ ಟ್ರಿಸ್ ಪಿಎಚ್ 8, 1 ಮಿಲಿಮೋಲಾರ್ ಇಡಿಟಿಎ), ಒಂದು ಚಮಚ ಮಣಿ, 200 ಮೈಕ್ರೋಲೀಟರ್ ಫೀನಾಲ್–ಕ್ಲೋರೋಫಾರ್ಮ್–ಐಸೊಅಮೈಲ್ ಆಲ್ಕೊಹಾಲ್ 25:24:1. ಮೂರು–ನಾಲ್ಕು ನಿಮಿಷ ವೋರ್ಟೆಕ್ಸ್. 200 ಮೈಕ್ರೋಲೀಟರ್ ಟಿಇ ಬಫರ್ ಸೇರಿಸಿ 5 ನಿಮಿಷ ಜೋರಾಗಿ ಸೆಂಟ್ರಿಫ್ಯೂಜ್. ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದು 1 ಮಿ.ಲೀ. ಎಥನಾಲ್ ಹಾಕಿ ಡಿಎನ್‌ಎ ಇಳಿಸಿ.

ಇಲ್ಲಿ ಐಸ್ ಬೇಡ. ತಣ್ಣಗಾದರೆ ಎಸ್‌ಡಿಎಸ್ ಬಿಳಿ ಗಷ್ಟದ ಹಾಗೆ ಕೆಳಗಿಳಿಯುತ್ತದೆ. ಪ್ರೋಟೀನಿನ ಅಭ್ಯಾಸದಲ್ಲಿ ಕೈ ತಾನಾಗಿ ಐಸಿನತ್ತ ಹೋಗುತ್ತದೆ, ಎಚ್ಚರ. ಟ್ಯೂಬ್ ಪಾಲಿಪ್ರೊಪಿಲೀನ್ ಆಗಿರಲಿ. ಪಾಲಿಕಾರ್ಬೊನೇಟನ್ನು ಕ್ಲೋರೋಫಾರ್ಮ್ ಕರಗಿಸುತ್ತದೆ. ಮಾರ್ಕರಿನಲ್ಲಿ ಬರೆದ ನಂಬರ್ ಒಂದು ಹನಿ ಫೀನಾಲಿಗೆ ಅಳಿಸಿಹೋಗುತ್ತದೆ, ಪೆನ್ಸಿಲಿನಲ್ಲಿ ಬರೆದ ಟೇಪ್ ಅಂಟಿಸಿ.

ಗ್ವಾನಿಡಿನ್ ಇರುವ ಬಫರಿನ ಜೊತೆ ಗಾಜಿನ ಮಣಿ ಬಳಸುವವರಿಗೆ ಒಂದು ಮಾತು: ಗ್ವಾನಿಡಿನ್ ಗಟ್ಟಿಯಾಗಿದ್ದಾಗ ಡಿಎನ್‌ಎ ಗಾಜಿಗೆ ಅಂಟುತ್ತದೆ. ಸಿಲಿಕಾ ಕಾಲಂಗಳು ಕೆಲಸ ಮಾಡುವುದೇ ಹಾಗೆ. ನಿಮ್ಮ ಡಿಎನ್‌ಎ ಕಳೆದುಹೋಗಿಲ್ಲ, ನೀವು ಎಸೆದ ಮಣಿಗಳ ಮೇಲಿದೆ.

ಪ್ರ: ಬೀಡ್ ಬೀಟರ್ (ಮಣಿ ಹಾಕಿದ ಟ್ಯೂಬನ್ನು ಜೋರಾಗಿ ಕುಲುಕುವ ಮಷಿನ್) ಇದ್ದರೆ ಎಷ್ಟು ಹೊತ್ತು?

ಫಾಸ್ಟ್‌ಪ್ರೆಪ್ ಮಾದರಿಯ ಮಷಿನಿನಲ್ಲಿ ಸೆಕೆಂಡಿಗೆ 6 ಮೀಟರ್ ವೇಗ, 40 ಸೆಕೆಂಡಿನಿಂದ ಶುರುಮಾಡಿ. ಇನ್ನೊಂದು ಸುತ್ತು ಬೇಕಿದ್ದರೆ ನಡುವೆ 5 ನಿಮಿಷ ಐಸ್. ಮೇಲೆ ಕೆಳಗೆ ಹೊಡೆಯುವ ಮಷಿನಿನಲ್ಲಿ ಟ್ಯೂಬನ್ನು ತುಂಬಾ ತುಂಬಿಸಿದರೆ ಮಣಿಗೆ ಓಡಾಡಲು ಜಾಗವಿರುವುದಿಲ್ಲ. ಮಣಿ, ದ್ರವ ಎಲ್ಲ ಸೇರಿ 1.5 ಮಿ.ಲೀ. ದಾಟದಿರಲಿ.

ಪ್ರ: ನೊರೆಯೋ ನೊರೆ. ಏನು ಮಾಡುವುದು?

ಟ್ಯೂಬಿನಲ್ಲಿ ಗಾಳಿ ಹೆಚ್ಚು, ಇಲ್ಲವೇ ಡಿಟರ್ಜೆಂಟ್ ಹೆಚ್ಚು. ಡಿಎನ್‌ಎ ಕೆಲಸವಾದರೆ ನೊರೆಗೆ ಹೆದರಬೇಕಿಲ್ಲ, ಒಂದು ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ ಕೂರುತ್ತದೆ. ಎಂಜೈಮ್ ಚಟುವಟಿಕೆ ಅಳೆಯುವವರಿಗೆ ಮಾತ್ರ ನೊರೆ ನಷ್ಟವೇ, ಗುಳ್ಳೆಯ ಮೈಮೇಲೆ ಹರಡಿಕೊಂಡ ಪ್ರೋಟೀನ್ ಬಿಚ್ಚಿಕೊಂಡು ಹಾಳಾಗುತ್ತದೆ. ಡಿಟರ್ಜೆಂಟನ್ನು ಒಡೆದ ಮೇಲೆ ಸೇರಿಸಿ, ಸಣ್ಣ ಟ್ಯೂಬ್ ಬಳಸಿ.

ಪ್ರ: ಲೈಸೇಟ್ ಎಲ್ಲ ಮಣಿಯ ನಡುವೆಯೇ ಉಳಿಯುತ್ತದೆ. ಹೊರತೆಗೆಯುವುದು ಹೇಗೆ?

ಆಗ ಹೇಳಿದ ಸಂದಿನ ಲೆಕ್ಕ ಇಲ್ಲಿ ಬರುತ್ತದೆ. 0.6 ಗ್ರಾಂ ಮಣಿಯ ಸಂದಿನಲ್ಲಿ 0.15 ಮಿ.ಲೀ. ದ್ರವ ಕೂತಿರುತ್ತದೆ. 0.4 ಮಿ.ಲೀ.ನಲ್ಲಿ ಅದು ಮೂರನೇ ಒಂದಕ್ಕಿಂತ ಹೆಚ್ಚು. ಪಿಪೆಟ್ ತುದಿಯನ್ನು ಮಣಿಯೊಳಗೆ ಚುಚ್ಚಿ ಎಳೆಯಲು ಹೋದರೆ ತುದಿಗೆ ಮಣಿ ಸಿಕ್ಕಿಕೊಳ್ಳುತ್ತದೆ ಅಷ್ಟೇ.

26 ಗೇಜಿನ ಸೂಜಿಯನ್ನು ಕಾಯಿಸಿ ಟ್ಯೂಬಿನ ತಳಕ್ಕೆ ಒಂದೇ ಒಂದು ತೂತು ಮಾಡಿ. ಅಲುಗಾಡಿಸದೆ ನೆಟ್ಟಗೆ ಚುಚ್ಚಿ ನೆಟ್ಟಗೆ ಎಳೆಯಿರಿ. ಈ ಸೂಜಿಯ ದಪ್ಪ 0.46 ಮಿ.ಮೀ. ಇರುವುದರಿಂದ 0.5ರ ಮಣಿ ಬಹುಪಾಲು ಒಳಗೇ ನಿಲ್ಲುತ್ತದೆ. 22 ಗೇಜ್ ಆದರೆ ತೂತು 0.7 ಮಿ.ಮೀ. ದಾಟಿ ಮಣಿಯೂ ಇಳಿಯುತ್ತದೆ. ತೂತು ಮಾಡಿದ ಟ್ಯೂಬನ್ನು ಇನ್ನೊಂದು ತಣ್ಣನೆ ಟ್ಯೂಬಿನ ಬಾಯಿಗೆ ಕೂರಿಸಿ, ಮುಚ್ಚಳ ಸಡಿಲಿಸಿ, 1000 ಜಿಯಲ್ಲಿ ಒಂದು ನಿಮಿಷ. ಮೇಲಿನಿಂದ 100 ಮೈಕ್ರೋಲೀಟರ್ ಬಫರ್ ಹಾಕಿ ಮತ್ತೊಮ್ಮೆ. ಮಣಿ ಒಣಗಿದಂತೆ ಬೆಳ್ಳಗೆ ಕಂಡರೆ ಎಲ್ಲ ಇಳಿದಿದೆ. ಕೊನೆಗೆ 12,000 ಜಿಯಲ್ಲಿ 10 ನಿಮಿಷ ತಿರುಗಿಸಿ ತಿಳಿ ತೆಗೆಯಿರಿ. 0.1ರ ಮಣಿಗೆ ಈ ಉಪಾಯ ನಡೆಯದು, ಅಲ್ಲಿ ಮಣಿಯನ್ನು ಕೂರಲು ಬಿಟ್ಟು ಬಫರಿನಲ್ಲಿ ಎರಡು ಸಲ ತೊಳೆದುಕೊಳ್ಳುವುದೇ ದಾರಿ.

ಪ್ರ: ನಿಜವಾಗಿ ಒಡೆದಿದೆ ಎಂದು ತಿಳಿಯುವುದು ಹೇಗೆ?

ಮೈಕ್ರೋಸ್ಕೋಪು. 2 ಮೈಕ್ರೋಲೀಟರ್ ಸಾಕು. ಫೇಸ್ ಕಾಂಟ್ರಾಸ್ಟಿನಲ್ಲಿ ಇಡೀ ಯೀಸ್ಟ್ ಹೊಳೆಯುವ ಅಂಚಿನ ದುಂಡು ಮುತ್ತಿನ ಹಾಗಿರುತ್ತದೆ. ಒಡೆದದ್ದು ಮಂಕಾಗಿ, ಬೂದು ಬಣ್ಣದ ಖಾಲಿ ಸಿಪ್ಪೆಯಂತೆ, ಕೆಲವೊಮ್ಮೆ ಒಂದು ಬದಿ ಹರಿದು ಕಾಣುತ್ತದೆ. ನೂರು ಎಣಿಸಿ. 4, 6, 8, 10ನೇ ಸುತ್ತಿನ ಬಳಿಕ ಹೀಗೆ ಒಮ್ಮೆ ಎಣಿಸಿಟ್ಟರೆ ನಿಮ್ಮ ಜೀವಿಗೆ, ನಿಮ್ಮ ವೋರ್ಟೆಕ್ಸಿಗೆ ಎಷ್ಟು ಸುತ್ತು ಬೇಕು ಎಂಬುದು ಶಾಶ್ವತವಾಗಿ ಗೊತ್ತಾಗುತ್ತದೆ. ಮೆಥಿಲೀನ್ ಬ್ಲೂ ಹಾಕಿ ನೀಲಿಯಾದದ್ದೆಲ್ಲ ಒಡೆದದ್ದು ಎಂದು ಬರೆಯಬೇಡಿ, ಸತ್ತ ಇಡೀ ಕೋಶವೂ ನೀಲಿಯಾಗುತ್ತದೆ.

ಬ್ರಾಡ್‌ಫರ್ಡ್ (ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿ 595 ನ್ಯಾನೋಮೀಟರಿನಲ್ಲಿ ಓದಬಹುದು, ಆದರೆ ಬಫರಿನಲ್ಲಿ ಎಸ್‌ಡಿಎಸ್ ಇದ್ದರೆ ಆ ಓದು ನಂಬಲರ್ಹವಲ್ಲ. ಆಗ ಬಿಸಿಎ ಎಂಬ ಇನ್ನೊಂದು ಪ್ರೋಟೀನ್ ಪರೀಕ್ಷೆ ಮಾಡಿ.

ಪ್ರ: ಜೆಲ್ಲಿನಲ್ಲಿ ಡಿಎನ್‌ಎ ಗೆರೆಯಾಗಿ ಬರದೆ ಬಾಲದಂತೆ ಹರಡಿದೆ.

ಹೆಚ್ಚು ಬಡಿದಿದ್ದೀರಿ. ಮಣಿಯಿಂದ ತೆಗೆದ ಡಿಎನ್‌ಎ ತುಂಡಾಗದೆ ಇರುವುದಿಲ್ಲ. ಪಿಸಿಆರಿಗೆ ತೊಂದರೆಯಿಲ್ಲ, ಉದ್ದುದ್ದ ಓದುವ ಸೀಕ್ವೆನ್ಸಿಂಗಿಗೆ ಮಾತ್ರ ಮಣಿ ಬಿಟ್ಟು ಎಂಜೈಮಿನ ದಾರಿ ಹಿಡಿಯಿರಿ.

ಪ್ರ: ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಿಂದ ಡಿಎನ್‌ಎ ತೆಗೆದರೆ ಕಂದು ಬಣ್ಣ ಬರುತ್ತದೆ, ಪಿಸಿಆರ್ ಆಗುವುದಿಲ್ಲ.

ಕಾಳಿ, ಅಘನಾಶಿನಿ ಅಳಿವೆಗಳಂಥ ಕಡೆಯ ಕಾಂಡ್ಲಾ ಕೆಸರಿನಲ್ಲಿ ಕೊಳೆತ ಎಲೆಯ ಹ್ಯೂಮಿಕ್ ಆಮ್ಲ ಹೇರಳ. ಕಂದು ಬಣ್ಣ ಅದರದ್ದು, ಪಿಸಿಆರಿನ ಪಾಲಿಮರೇಸನ್ನು ಕಟ್ಟಿಹಾಕುವುದೂ ಅದೇ. ಹೆಚ್ಚು ಹೊತ್ತು ಬಡಿದಷ್ಟೂ ಹ್ಯೂಮಿಕ್ ಹೆಚ್ಚು ಹೊರಬರುತ್ತದೆ, ಆದ್ದರಿಂದ ಇಲ್ಲಿ ಬಡಿತ ಕಡಿಮೆಯಿದ್ದಷ್ಟು ಒಳ್ಳೆಯದು. ಕೆಸರು 0.25 ಗ್ರಾಂ ಮೀರದಿರಲಿ, 0.1 ಮತ್ತು 0.5ರ ಮಣಿ ಒಂದೊಂದು ಚಮಚ. ಬಫರಿಗೆ ಟ್ರಿಸ್ ಬದಲು 100 ಮಿಲಿಮೋಲಾರ್ ಫಾಸ್ಫೇಟ್ ಪಿಎಚ್ 8 ಬಳಸಿ, ಜೇಡಿಯ ಕಣಕ್ಕೆ ಡಿಎನ್‌ಎ ಅಂಟುವ ಜಾಗವನ್ನು ಫಾಸ್ಫೇಟ್ ಮೊದಲೇ ಹಿಡಿದುಕೊಳ್ಳುತ್ತದೆ. ಕಬ್ಬಿಣ ತುಂಬಿದ ಜಂಬಿಟ್ಟಿಗೆ ಮಣ್ಣಿಗೂ ಇದೇ ಮಾತು. ಹ್ಯೂಮಿಕ್ ಬೇರ್ಪಡಿಸಲು ಸಿಟಿಎಬಿ (ಒಂದು ಡಿಟರ್ಜೆಂಟ್) ಹಂತ ಸೇರಿಸಿ. ಆದರೂ ಆಗದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ, ಪಿಸಿಆರಿಗೆ ಬಿಎಸ್‌ಎ (ಹ್ಯೂಮಿಕ್ ಹಿಡಿದಿಡುವ ಪ್ರೋಟೀನ್) ಹಾಕಿ ನೋಡಿ.

ಪ್ರ: ಅಡಿಕೆ ಕೊಳೆರೋಗದ ಫೈಟಾಫ್ತೊರಾ ಎಳೆಗಳು ಮಣಿಗೆ ಬಗ್ಗುವುದೇ ಇಲ್ಲ.

ಹತ್ತಿಯಂಥ ಎಳೆಯ ಉಂಡೆ ಮಣಿಯನ್ನೇ ಸುತ್ತಿಕೊಂಡು ಕೂರುತ್ತದೆ. ಮೊದಲು ಅದನ್ನು ಪುಡಿ ಮಾಡಬೇಕು. ಎಳೆಗಳನ್ನು ಫಿಲ್ಟರ್ ಪೇಪರಿನ ನಡುವೆ ಹಿಂಡಿ, 50ರಿಂದ 100 ಮಿ.ಗ್ರಾಂ ಮಾತ್ರ ತೆಗೆದುಕೊಂಡು, ದ್ರವ ಸಾರಜನಕದಲ್ಲಿ ತಣಿಸಿದ ಕಲ್ಬತ್ತಿನಲ್ಲಿ ಅರೆದು, ಆಮೇಲೆ ಬಫರ್ ಮತ್ತು 0.5ರ ಮಣಿ. ದ್ರವ ಸಾರಜನಕ ಎಲ್ಲಿ ಎಂದು ಕೇಳುವವರಿಗೆ: ಜಾನುವಾರುಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿ ಇಡುವುದೂ ಅದರಲ್ಲೇ. ಹಳ್ಳಿ ಕಡೆಯೂ ಅದರ ಜಾಡು ಸಿಗುತ್ತದೆ. ಅಂದಹಾಗೆ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಅದರ ಗೋಡೆಯಲ್ಲಿ ಮುಖ್ಯವಾಗಿರುವುದು ಸೆಲ್ಯುಲೋಸ್ ಮತ್ತು ಗ್ಲೂಕಾನ್. ಕೈಟಿನೇಸ್ ಕೊಂಡು ದುಡ್ಡು ಕಳೆಯಬೇಡಿ.

ಪ್ರ: ಆಸಿಡ್ ವಾಶ್ ಆದ ಮಣಿಯೇ ಬೇಕೇ? ನಾವೇ ತೊಳೆಯಬಹುದೇ?

ಬೇಕು. ತೊಳೆಯದ ಗಾಜಿನ ಮೈಯಿಂದ ಕ್ಷಾರ ಬಿಡುತ್ತದೆ, ತೆಳು ಬಫರಿನ ಪಿಎಚ್ ಏರುತ್ತದೆ. ಮನೆಯಲ್ಲೇ, ಅಂದರೆ ಲ್ಯಾಬಿನಲ್ಲೇ ತೊಳೆಯಬಹುದು: ಫ್ಯೂಮ್ ಹುಡ್ಡಿನೊಳಗೆ ಗಾಢ ನೈಟ್ರಿಕ್ ಆಮ್ಲದಲ್ಲಿ ಒಂದು ಗಂಟೆ ನೆನೆಸಿ, ಆಮ್ಲ ಬಸಿದು, ಡಿಸ್ಟಿಲ್ಡ್ ವಾಟರಿನಲ್ಲಿ ಅಕ್ಕಿ ತೊಳೆದ ಹಾಗೆ ಹತ್ತು ಹದಿನೈದು ಸಲ ತೊಳೆಯಿರಿ. ತೊಳೆದ ನೀರಿನ ಪಿಎಚ್ ಹೊಸ ನೀರಿನಷ್ಟೇ ಆಗುವವರೆಗೆ ನಿಲ್ಲಿಸಬೇಡಿ. 150 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಒಣಗಿಸಿ. ಆರ್‌ಎನ್‌ಎ ಕೆಲಸಕ್ಕಾದರೆ 240 ಡಿಗ್ರಿ, 4 ಗಂಟೆ. ಬೇಗ ಒಣಗಲಿ ಎಂದು ನೈಟ್ರಿಕ್ ಆಮ್ಲದ ಪಸೆ ಇರುವಾಗ ಎಥನಾಲ್ ಅಥವಾ ಅಸಿಟೋನ್ ಸುರಿಯಲೇಬಾರದು, ಸಿಡಿಯುತ್ತದೆ.

ಬಳಸಿದ ಮಣಿಯನ್ನೂ ಹೀಗೇ ತೊಳೆದು ಪ್ರೋಟೀನ್ ಕೆಲಸಕ್ಕೆ ಮತ್ತೆ ಬಳಸುವವರಿದ್ದಾರೆ. ಪಿಸಿಆರ್ ಕೆಲಸಕ್ಕೆ ಬೇಡ, ಹಳೆಯ ಡಿಎನ್‌ಎ ಬೆನ್ನು ಬಿಡುವುದಿಲ್ಲ.

ಪ್ರ: ಕಾರವಾರದ ಕಡಲ ಮರಳನ್ನೇ ಜರಡಿ ಹಿಡಿದು ಬಳಸಿದರೆ?

ಬೇಡ. ಮರಳಿನಲ್ಲಿ ಚಿಪ್ಪಿನ ಚೂರು ಇರುತ್ತದೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಹಾಕಿದರೆ ಬುರುಗುವುದು ಅದೇ. ಅದು ಉಳಿದರೆ ಇಡಿಟಿಎಯನ್ನೆಲ್ಲ ನುಂಗುತ್ತದೆ. ಚೂಪು ಅಂಚಿನ ಕಣಗಳು ಟ್ಯೂಬನ್ನೇ ಕೆರೆದು ಪ್ಲಾಸ್ಟಿಕ್ ಪುಡಿ ಬೆರೆಸುತ್ತವೆ. ರಸ್ತೆಯ ಬಿಳಿ ಪಟ್ಟೆಗೆ ಎರಚುವ ಹೊಳೆಯುವ ಗಾಜಿನ ಮಣಿಯೂ ಬೇಡ, ಅದಕ್ಕೆ ಲೇಪನ ಇರುತ್ತದೆ.

ಪ್ರ: ಮಳೆಗಾಲದಲ್ಲಿ ಮಣಿ ಗಂಟು ಕಟ್ಟುತ್ತದೆ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಗಾಳಿಯೇ ಒದ್ದೆ. ಫ್ರಿಜ್ಜಿನಿಂದ ತೆಗೆದ ಡಬ್ಬವನ್ನು ಕೂಡಲೇ ತೆರೆದರೆ ಮಣಿಯ ಮೇಲೆ ನೀರು ಕೂರುತ್ತದೆ. 0.1ರ ಮಣಿ ಸಕ್ಕರೆಯಂತೆ ಅಂಟಿಕೊಳ್ಳುತ್ತದೆ, ಚಮಚದ ಅಳತೆ ಸುಳ್ಳಾಗುತ್ತದೆ. ದೊಡ್ಡ ಡಬ್ಬವನ್ನು ಸಿಲಿಕಾ ಜೆಲ್ ಜೊತೆ ಹೊರಗೇ ಇಡಿ, ಆ ದಿನಕ್ಕೆ ಬೇಕಾದಷ್ಟನ್ನು ಟ್ಯೂಬಿಗೆ ಹಾಕಿ ಮುಚ್ಚಳ ಬಿಗಿದ ಮೇಲೆ ಮಾತ್ರ ತಣಿಸಿ. ಕರೆಂಟ್ ನಡುವೆ ಹೋದರೆ ಪ್ರೋಟೀನಿನ ಟ್ಯೂಬ್ ಐಸಿನಲ್ಲಿರಲಿ. ಅರ್ಧ ಗಂಟೆ ಮೀರಿದರೆ ಪಿಎಂಎಸ್‌ಎಫ್ ಮತ್ತೊಮ್ಮೆ ಹಾಕಿ ಮುಂದುವರಿಸಿ.

ಪ್ರ: ಅಪಾಯ ಏನಾದರೂ ಇದೆಯೇ?

ಕುಲುಕಿದ ಕೂಡಲೇ ಮುಚ್ಚಳ ತೆರೆದರೆ ಕಣ್ಣಿಗೆ ಕಾಣದ ತುಂತುರು ಹೊರಬರುತ್ತದೆ. ಐದು ನಿಮಿಷ ಬಿಟ್ಟು, ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ, ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ ತೆರೆಯಿರಿ. ರಬ್ಬರ್ ಉಂಗುರವಿರುವ ಸ್ಕ್ರೂ ಮುಚ್ಚಳವೇ ಇರಲಿ, ಒತ್ತಿ ಮುಚ್ಚುವ ಮುಚ್ಚಳ ಬೀಡ್ ಬೀಟರಿನಲ್ಲಿ ಹಾರುತ್ತದೆ. ಕ್ಷಯದ ಕಫದಂಥ ರೋಗಿಯ ಮಾದರಿಯನ್ನು ಸಾಮಾನ್ಯ ಕಾಲೇಜು ಲ್ಯಾಬಿನಲ್ಲಿ ಮಣಿ ಹಾಕಿ ಕುಲುಕುವ ಸಾಹಸ ಬೇಡವೇ ಬೇಡ.

ಬಳಸಿದ ಮಣಿಯನ್ನು 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ ಗಾಜಿನ ಕಸಕ್ಕೆ ಹಾಕಿ. ಫೀನಾಲ್ ತಾಗಿದ ಮಣಿ ಆಟೋಕ್ಲೇವಿಗೆ ಹೋಗಬಾರದು, ಅದು ಫೀನಾಲ್ ತ್ಯಾಜ್ಯದ ಡಬ್ಬಕ್ಕೆ. ಸಿಂಕಿಗಂತೂ ಯಾವುದನ್ನೂ ಬಿಡಬೇಡಿ, ಪೈಪಿನ ಬಾಗಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ನೆಲಕ್ಕೆ ಚೆಲ್ಲಿದರೆ ಕೂಡಲೇ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಪೊರಕೆ ಹಿಡಿದರೆ ಮಣಿ ಕೋಣೆಯ ತುಂಬ ಓಡುತ್ತದೆ, ನುಣುಪು ಟೈಲ್ಸಿನ ಮೇಲೆ ಮೊದಲು ಜಾರಿ ಬೀಳುವವರು ಬಾಗಿಲು ತೆರೆದು ಒಳಬರುವವರೇ.